ಯಜಮಾನಿಯ ಹುಲ್ಲುಹಾಸಿಗೆ

ಬಾರ್ಲಿ ಕೊಯ್ಲು ಮುಗಿಯುವ ಹೊತ್ತಿಗೆ ಸಾಕುಪ್ರಾಣಿಗಳ ಆಸ್ಪತ್ರೆಯ ಮುಂದೆ ನಾಯಿಗಳ ಸಾಲು ಬೆಳೆಯುತ್ತಿತ್ತು. ಒಂದು ತಲೆ ಕೊಡವುತ್ತಿದೆ, ಇನ್ನೊಂದು ಸೀನಿ ಸೀನಿ ಮೂಗಿನಲ್ಲಿ ರಕ್ತ ಬರಿಸಿಕೊಂಡಿದೆ, ಮತ್ತೊಂದು ಮುಂಗಾಲು ನೆಕ್ಕುತ್ತ ಲೋಕವನ್ನೇ ಮರೆತು ಕೂತಿದೆ. ಒಳಗೆ ಡಾಕ್ಟರಮ್ಮ ಹಣೆಗೆ ದೀಪ ಕಟ್ಟಿಕೊಂಡು, ಉದ್ದ ಮೂತಿಯ ಚಿಮಟ ಹಿಡಿದು, ಕಿವಿಯಿಂದ, ಮೂಗಿನಿಂದ, ಬೆರಳ ಸಂದಿಯಿಂದ ಎಳೆದು ತೆಗೆಯುತ್ತಿದ್ದುದು ಒಂದೇ ವಸ್ತುವನ್ನು. ಅದು ಬಾರ್ಲಿಯ ಸುಂಕು. ತೆನೆಯ ಮೀಸೆ ಅಂದರೂ ಆಯಿತು. ನೋಡಲಿಕ್ಕೆ ಒಣಹುಲ್ಲಿನ ಎಳೆ, ಅಷ್ಟೇ. ಆದರೆ ಅದರ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗರಗಸದ ಹಲ್ಲುಗಳಿರುತ್ತವೆ. ಹಲ್ಲೆಲ್ಲ ಒಂದೇ ಕಡೆಗೆ ಬಾಗಿರುವುದರಿಂದ ಅದಕ್ಕೆ ಮುಂದೆ ಹೋಗುವುದು ಗೊತ್ತೇ ಹೊರತು ಹಿಂದೆ ಬರುವುದು ಗೊತ್ತಿಲ್ಲ. ಒಮ್ಮೆ ಒಳಗೆ ಹೊಕ್ಕಿತೋ, ನಾಯಿ ನಡೆದಷ್ಟೂ, ಕೆಮ್ಮಿದಷ್ಟೂ ಅದು ಒಳಗೊಳಗೇ ಪ್ರಯಾಣ ಮಾಡುತ್ತದೆ.

ಆ ಸುಂಕನ್ನು ಅಷ್ಟು ಚೂಪಾಗಿ ಬೆಳೆಸಿದವರು ಬೇರೆ ಯಾರೂ ಅಲ್ಲ, ರಸ್ತೆಯಾಚೆಯ ತಳಿ ಸಂಶೋಧನಾ ಕೇಂದ್ರದವರು. ಒರಟು ಸುಂಕಿನ ತೆನೆಗೆ ಹಕ್ಕಿ ಬಾಯಿ ಹಾಕುವುದಿಲ್ಲ, ಹಾಗಾಗಿ ಬೆಳೆಯುವವರಿಗೆ ಅದೇ ಬೇಕು. ಆ ಕೇಂದ್ರದಲ್ಲಿ ತಲೆ ನರೆಯುವಷ್ಟು ಕಾಲದಿಂದ ದುಡಿಯುತ್ತಿರುವವನು ಡಾಕ್ಟರಮ್ಮನ ಗಂಡ. "ನಿಮ್ಮೆಜಮಾನ್ರು ಬಿತ್ತಾರೆ, ನೀವು ಕೀಳ್ತೀರಿ. ಒಳ್ಳೆ ಜೋಡಿ ಮೇಡಂ," ಎಂದು ಆಸ್ಪತ್ರೆಯ ಚೀಟಿ ಬರೆಯುವವನು ಪ್ರತಿ ವರ್ಷವೂ ಹೊಸದಾಗಿ ಹೊಳೆದವನ ಹಾಗೆ ಹೇಳುತ್ತಿದ್ದ. ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ ಮುಗುಳ್ನಗುತ್ತಿದ್ದಳು. ಈಗ ಮುಂದಿನ ನಾಯಿಯನ್ನು ಕರೆಯಿರಿ ಎಂದು ಕೈಸನ್ನೆ ಮಾಡುತ್ತಾಳೆ.

ಗಂಡನ ಮೇಲೆ ಸುಮ್ಮನೆ ಗೂಬೆ ಕೂರಿಸಬಾರದು. ಒರಟು ಸುಂಕಿನ ತಳಿ ಅವನ ಕೂಸಲ್ಲ. ಅವನು ಜೀವ ತೇಯ್ದದ್ದು ನುಣುಪು ಸುಂಕಿನ ಬಾರ್ಲಿಗಾಗಿ. ಹಲ್ಲಿಲ್ಲದ ಸುಂಕು, ದನ ತಿಂದರೆ ಬಾಯಿ ಹುಣ್ಣಾಗಬಾರದು, ನಾಯಿ ನುಗ್ಗಿದರೆ ಮೈಗೆ ಚುಚ್ಚಬಾರದು. ಅಂಥದ್ದೊಂದನ್ನು ಮಾಡುವುದು ಎಷ್ಟು ಕಷ್ಟವೋ, ಮಾಡಿದ್ದನ್ನು ಶುದ್ಧವಾಗಿ ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಬಿತ್ತುವ ಯಂತ್ರದ ಮೂಲೆಯಲ್ಲಿ ಪಕ್ಕದ ಪ್ಲಾಟಿನ ನಾಲ್ಕು ಕಾಳು ಉಳಿದರೂ ಸಾಕು, ನುಣುಪಿನ ನಡುವೆ ಒರಟು ಗಿಡ ಎದ್ದು ನಿಲ್ಲುತ್ತದೆ. ಅದಕ್ಕೆ ಬೆರಕೆ ಎನ್ನುತ್ತಾರೆ. ತೆನೆ ಬಂದ ಮೇಲೆ ದಿನಾ ಬೆಳಗ್ಗೆ ಸಾಲುಸಾಲಾಗಿ ನಡೆದು ಬೆರಕೆ ಕೀಳಬೇಕು. ಕಣ್ಣಿಗೆ ಎರಡೂ ಒಂದೇ. ಕೆಲಸ ಮಾಡಿದ ಕೈಬೆರಳು ದಡ್ಡುಗಟ್ಟಿ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಅವನು ಸುಂಕನ್ನು ಕೆಳತುಟಿಯ ಮೇಲೆ ತುದಿಯಿಂದ ಬುಡಕ್ಕೆ ಎಳೆದು ನೋಡುತ್ತಿದ್ದ. ಜಾರಿದರೆ ನುಣುಪು, ಕಚ್ಚಿದರೆ ಬೆರಕೆ. ಕೊಯ್ಲಿನ ಕಾಲದಲ್ಲಿ ಅವನ ತುಟಿ ಸದಾ ಸಿಪ್ಪೆ ಎದ್ದಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಇದರ ಬಗ್ಗೆ ಅವರಿಬ್ಬರೂ ಆಡಿಕೊಂಡ ತಮಾಷೆಗಳನ್ನು ಇಲ್ಲಿ ಬರೆಯಬೇಕಾಗಿಲ್ಲ.

ಹೋದ ವರ್ಷ ಬಿತ್ತನೆ ಮುಗಿದ ಕೂಡಲೇ ಮೇಲಿನ ಸಮಿತಿ ಆ ತಳಿಯನ್ನು ಕೈಬಿಟ್ಟಿತು. ಹಕ್ಕಿ ತಿನ್ನುತ್ತದೆ, ಬೇಡ ಅಂತ ಎರಡು ಸಾಲಿನಲ್ಲಿ ಮುಗಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ಅವತ್ತು ಮನೆಗೆ ಬಂದು ವಿಷಯ ಹೇಳಿ, ಊಟ ಮಾಡಿ, ಮಲಗಿದ. ಮರುದಿನವೂ ಟೋಪಿ ಹಾಕಿಕೊಂಡು ಹೊರಟ. ಬಿತ್ತಿದ್ದು ನೆಲದಲ್ಲಿತ್ತಲ್ಲ, ಕೊನೆಯ ಪ್ಲಾಟು. ಕೊಯ್ಲಾದ ಮೇಲೆ ಅದರ ಕಾಳನ್ನು ಯಾರು ಏನು ಮಾಡಿದರೋ, ಕಣದಲ್ಲಿ ಬಿದ್ದಿದ್ದ ಹುಲ್ಲನ್ನು ಮಾತ್ರ ಅವನು ಗೋಣಿಚೀಲದಲ್ಲಿ ತುಂಬಿ ಮನೆಗೆ ತಂದ.

"ಯಜಮಾನಿಗೆ ಹಾಸಿಗೆ. ನುಣುಪು ಹುಲ್ಲು, ಮೆತ್ತಗಿರುತ್ತೆ," ಅಂದ.

ಯಜಮಾನಿ ಎಂದರೆ ನಾಯಿ. ಬೂದು ಮೂತಿಯ, ಒಂದು ಕಿವಿ ಮಡಚಿದ ಮುದಿ ಹೆಣ್ಣುನಾಯಿ. ಆ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ಬಾಗಿಲು ತೆರೆಯಬೇಕು ಅನ್ನುವುದನ್ನೆಲ್ಲ ಅವಳೇ ನಿರ್ಧರಿಸುತ್ತಿದ್ದುದರಿಂದ ಆ ಹೆಸರು. "ನಾನು ಬರೀ ಸೊಸೆ. ಯಜಮಾನಿ ಒಳಗಿದಾರೆ, ಕೇಳ್ಕೊಂಡು ಬರ್ತೀನಿ," ಎಂದು ಡಾಕ್ಟರಮ್ಮ ಬಾಗಿಲಿಗೆ ಬಂದ ಮಾರಾಟದವರಿಗೆ ಹೇಳುತ್ತಿದ್ದಳು.

ಆದರೆ ಯಜಮಾನಿಯ ನಿಜವಾದ ಕೆಲಸ ಬೇರೆ ಇತ್ತು. ಡಾಕ್ಟರಮ್ಮನ ಮಾವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ಕಲಸಿಹೋಗಿತ್ತು. ಜೀವಮಾನವಿಡೀ ಬಸ್ಸಿನ ಕಂಡಕ್ಟರಾಗಿ, ಮುಂದಿನ ಬಾಗಿಲಿಗೆ ಕೇಳುವ ಹಾಗೆ ಹಿಂದಿನ ಬಾಗಿಲಿಂದ ಕೂಗಿದ ಮನುಷ್ಯ. ಈಗ ಕನ್ನಡಕ ಬೇಕೆಂದರೆ ಬಾಯಲ್ಲಿ ಚಮಚ ಅಂತ ಬರುತ್ತಿತ್ತು. ನೀರು ಕೇಳಲು ಹೋಗಿ ಕಿಟಕಿ ಕೇಳುತ್ತಿದ್ದರು. ಯಾರಾದರೂ ತಿದ್ದಿದರೆ ಮುಖ ಕೆಂಪಗಾಗಿ ತುಟಿ ಬಿಗಿದುಕೊಳ್ಳುವರು. ಹಾಗೆ ಬಿಗಿದುಕೊಂಡ ಬಾಯಿ ಮನುಷ್ಯರ ಮುಂದೆ ಮತ್ತೆ ತೆರೆಯಲೇ ಇಲ್ಲ. ನಾಯಿಯ ಮುಂದೆ ತೆರೆಯಿತು. ನಾಯಿ ಯಾರ ತಪ್ಪನ್ನೂ ತಿದ್ದುವುದಿಲ್ಲ. ಜಗಲಿಯ ಕುರ್ಚಿಯಲ್ಲಿ ಕೂತು ಮಾವ ಗಂಟೆಗಟ್ಟಲೆ ಅವಳಿಗೆ ಹರಟೆ ಹೊಡೆಯುತ್ತಿದ್ದರು. ಮಾತು ಕಲಿಸಲು ಬರುತ್ತಿದ್ದ ಹೆಂಗಸು ಅದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳಿ, "ನನ್ನಿಂದ ಆಗದ್ದು ಇದರಿಂದ ಆಗ್ತಿದೆ. ಈ ಮಾತು ನಿಂತ್ರೆ ಮತ್ತೆ ಬರಲ್ಲಮ್ಮ, ನೋಡ್ಕೊಳ್ಳಿ," ಅಂದಿದ್ದಳು.

ಇಂಥ ಯಜಮಾನಿ ಕೆಮ್ಮತೊಡಗಿದಳು.

ಮೊದಲು ಸಣ್ಣ ಕೆಮ್ಮು, ಆಮೇಲೆ ಜ್ವರ. ಮಾತ್ರೆ ಕೊಟ್ಟರೆ ಇಳಿಯುತ್ತಿತ್ತು. ಮಾತ್ರೆ ನಿಲ್ಲಿಸಿದರೆ ಮತ್ತೆ ಏರುತ್ತಿತ್ತು. ಡಾಕ್ಟರಮ್ಮನಿಗೆ ಮೊದಲು ಹೊಳೆದದ್ದು ಸುಂಕೇ. ದಿನಬೆಳಗಾದರೆ ಅದನ್ನೇ ಕೀಳುವವಳಿಗೆ ಇನ್ನೇನು ಹೊಳೆಯಬೇಕು? ಉಸಿರಿನ ಜೊತೆ ಒಳಗೆ ಹೋದ ಸುಂಕು ಶ್ವಾಸಕೋಶದ ತಳ ಸೇರಿ ಕೀವು ಮಾಡಿದರೆ ಹೀಗೇ ಆಗುತ್ತದೆ, ಔಷಧಕ್ಕೆ ಬಗ್ಗಿದ ಹಾಗೆ ಮಾಡಿ ಮತ್ತೆ ತಲೆ ಎತ್ತುತ್ತದೆ. ಆದರೆ ಯಜಮಾನಿ ಗೇಟು ದಾಟಿ ಎಷ್ಟೋ ಕಾಲವಾಗಿತ್ತು. ಕಾಲುನೋವಿನ ಮುದುಕಿ ಹೊಲಕ್ಕೆಲ್ಲಿ ಹೋದಾಳು? ಉಳಿದದ್ದು ಹಾಸಿಗೆ ಒಂದೇ.

ಊಟಕ್ಕೆ ಕೂತಾಗ ಅವಳು ಗಂಡನನ್ನು ಕೇಳಿದಳು. "ರೀ, ಆ ಹುಲ್ಲಲ್ಲಿ ಒರಟು ಸುಂಕು ಏನಾದ್ರೂ ಸೇರಿರ್ಬಹುದಾ?"

"ಒಂದೂ ಇಲ್ಲ."

"ನೋಡಿದೀರಾ?"

"ನೋಡದೇ ತರ್ತೀನಾ? ಇಡೀ ಪ್ಲಾಟು ಬೆರಕೆ ಕಿತ್ತಿದೀನಿ," ಅಂದ ಅವನು, ತಟ್ಟೆಯಿಂದ ಕಣ್ಣೆತ್ತದೆ.

ಅಲ್ಲಿಗೆ ಆ ಮಾತು ಮುಗಿಯಿತು. ಅವಳ ಕೆಲಸವೇ ಎರಡೆರಡು ಸಲ ನೋಡುವ ಕೆಲಸ. ಕಾಂಪೌಂಡರ್ ತುಂಬಿದ ಸಿರಿಂಜನ್ನು ಮತ್ತೊಮ್ಮೆ ಬೆಳಕಿಗೆ ಹಿಡಿಯಬೇಕು, ನಾಯಿಯ ಒಡೆಯರು ಹೇಳಿದ್ದನ್ನು ನಾಯಿಯ ಮೈ ಮುಟ್ಟಿ ಪರೀಕ್ಷಿಸಬೇಕು. ಎಲ್ಲರ ಮಾತನ್ನೂ ಅನುಮಾನಿಸಿ ಅನುಮಾನಿಸಿ ಸಾಕಾದವಳಿಗೆ ಗಂಡನ ಮಾತೊಂದು ಮಾತ್ರ ಕಣ್ಣುಮುಚ್ಚಿ ಕೂರಬಹುದಾದ ಜಾಗವಾಗಿತ್ತು. ಅವನು ಮಿತಭಾಷಿ, ಆಡಿದ್ದನ್ನು ಮಾಡಿರುತ್ತಿದ್ದ. ಹಾಗಾಗಿ ಸುಂಕನ್ನು ಅವಳು ಮನಸ್ಸಿನಿಂದ ಹೊಡೆದುಹಾಕಿದಳು.

ಎಕ್ಸ್‌ರೇಯಲ್ಲಿ ಬಲಗಡೆಯ ಕೆಳಮೂಲೆ ಮಂಜುಮಂಜಾಗಿ ಕಂಡಿತು. ನುಂಗಿದ ಗುಂಡುಸೂಜಿ ಎಕ್ಸ್‌ರೇಗೆ ಕಾಣುತ್ತದೆ, ಹುಲ್ಲಿನ ಎಳೆ ಕಾಣುವುದಿಲ್ಲ. ಗಂಟಲಿಗೆ ಕೊಳವೆ ಇಳಿಸಿ ನೋಡಿದರೆ, ಅದು ಹೋಗುವಷ್ಟು ದೂರವೂ ಏನಿಲ್ಲ. ಆಸ್ಪತ್ರೆಯ ಸರ್ಜನ್ ಅವಳಿಗಿಂತ ಹಿರಿಯರು, ಮಾತು ಕಡಿಮೆ, ಕೈ ಗಟ್ಟಿ. ಫಿಲ್ಮನ್ನು ಕಿಟಕಿಗೆ ಹಿಡಿದು ಅವರು ಹೇಳಿದರು:

"ಸುಂಕು ಅಂತ ಖಾತ್ರಿ ಕೊಡಿ, ನಾಳೆನೇ ತೆರೀತೀನಿ. ಖಾತ್ರಿ ಇಲ್ದೆ ಇಷ್ಟು ವಯಸ್ಸಾದ ನಾಯಿ ಎದೆ ತೆರೆದು, ಒಳಗೆ ಏನೂ ಇಲ್ಲ ಅಂದ್ರೆ? ಬರೀ ಗಾಯಕ್ಕೇ ಹೋಗ್ಬಿಡುತ್ತೆ."

"ಸುಂಕಲ್ಲ ಸಾರ್. ಮನೇಲಿ ಕೇಳಿದೀನಿ," ಅಂದಳು ಅವಳು.

ಹಾಗೆಂದು ವಯಸ್ಸಿನ ನ್ಯುಮೋನಿಯಾ ಅಂತ ಹೆಸರಿಟ್ಟು ಔಷಧ ಬದಲಾಯಿಸಿ ಬದಲಾಯಿಸಿ ವಾರಗಳು ಹೋದವು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆ ಮನೆಯಲ್ಲಿ ಡಾಕ್ಟರಮ್ಮನೇ ಹಿತ್ತಲ ಗಿಡ. ಹಗಲೆಲ್ಲ ಊರ ನಾಯಿಗಳನ್ನು ನೋಡಿ, ಸೊಂಟ ಹಿಡಿದುಕೊಂಡು ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಜಗಲಿಯಲ್ಲಿ ಕುಕ್ಕರಿಸಿ ಯಜಮಾನಿಯ ಪಕ್ಕೆಗೆ ಕಿವಿ ಇಡುತ್ತಿದ್ದಳು. ಅಷ್ಟು ಹೊತ್ತಿಗೆ ಅವಳ ಕಿವಿಗೂ ದಣಿವಾಗಿರುತ್ತಿತ್ತು. ಯಜಮಾನಿ ಸೊರಗಿ ಪಕ್ಕೆಲುಬು ಎಣಿಸುವ ಹಾಗಾದಳು. ಕುರ್ಚಿಯ ಹತ್ತಿರ ಬರಲೂ ಆಗದೆ ಹುಲ್ಲಿನ ಮೇಲೇ ಬಿದ್ದುಕೊಂಡಿರುತ್ತಿದ್ದಳು. ಮಾವ ಕೂತಲ್ಲಿಂದಲೇ ಮಾತಾಡಲು ನೋಡುವರು, ಅವಳು ಕಿವಿ ಎತ್ತದಿದ್ದರೆ ಅರ್ಧಕ್ಕೇ ನಿಲ್ಲಿಸುವರು. ಕೊನೆಗೊಂದು ದಿನ ಅವರು ಬಾಯಿಯನ್ನೇ ತೆರೆಯಲಿಲ್ಲ. ಸೊಸೆಗೆ ಹೆದರಿಕೆಯಾಯಿತು. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬೇರೆ ಔಷಧಿ ಇಲ್ವಾ?" ಅಂತ ಕೇಳಿದ. ಇಲ್ಲ ಅಂದಳು. ಅವನು ಇನ್ನೂ ಏನೋ ಹೇಳುವವನ ಹಾಗೆ ನಿಂತಿದ್ದು, ಹೊರಟುಹೋದ.

ಮರುದಿನ ಆಸ್ಪತ್ರೆಯಲ್ಲಿ ಬಿಳಿ ಕೂದಲಿನ ಪುಟ್ಟ ನಾಯಿಯನ್ನು ಎತ್ತಿಕೊಂಡು ಒಬ್ಬ ಹೆಂಗಸು ಬಂದಳು. ಕಿವಿ ಬಾತಿತ್ತು.

"ಮಲಗೋ ಜಾಗ ಶುದ್ಧವಾಗಿದ್ಯಾ?" ಡಾಕ್ಟರಮ್ಮ ಕೇಳಿದಳು.

"ಹೂಂ ಡಾಕ್ಟ್ರೇ. ನಮ್ಮನೆಯವ್ರು ನೋಡಿದೀನಿ ಅಂದ್ರು."

"ಅಯ್ಯೋ, ಮನೆಯವ್ರು ಅಂದಿದ್ದನ್ನ ಬಿಡಮ್ಮ. ಹಾಸಿಗೆಯಿಂದ ಒಂದು ಹಿಡಿ ತಂದು ತೋರ್ಸು, ಆಮೇಲೆ ನಂಬ್ತೀನಿ," ಎಂದು ಅವಳು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿ ಚಿಮಟ ಎತ್ತಿಕೊಂಡಳು. ಎತ್ತಿಕೊಂಡ ಕೈ ಹಾಗೇ ನಿಂತಿತು. ಬೇರೆ ಯಾರದ್ದೇ ನಾಯಿಯಾಗಿದ್ದರೂ ಅವಳು ಹಾಸಿಗೆಯ ಹುಲ್ಲು ತರಿಸದೆ ಬಿಡುತ್ತಿರಲಿಲ್ಲ. ತನ್ನ ನಾಯಿಗೆ ಮಾತ್ರ ಊಟದ ಮೇಜಿನ ಮೇಲೆ ಒಂದು ಪ್ರಶ್ನೆ ಕೇಳಿ ಕೈತೊಳೆದುಕೊಂಡಿದ್ದಳು. ಆ ನಾಚಿಕೆಗೆ ಅವಳ ಕಿವಿ ಬಿಸಿಯಾಯಿತು.

ಮಧ್ಯಾಹ್ನವೇ ರಜೆ ಹೇಳಿ ಮನೆಗೆ ಬಂದಳು. ಯಜಮಾನಿಯನ್ನು ಚಾದರದ ಮೇಲೆ ಸರಿಸಿ, ಹುಲ್ಲನ್ನು ಜಗಲಿಯ ನೆಲದ ಮೇಲೆ ಹರಡಿ, ನಡುವೆ ಕೂತಳು. ಬೆರಳಿಗೆ ಏನೂ ತಿಳಿಯಲಿಲ್ಲ. ಆಗ ಗಂಡ ಮಾಡುವ ಹಾಗೆಯೇ ಒಂದೊಂದು ಸುಂಕನ್ನು ಎತ್ತಿ ತುಟಿಯ ಮೇಲೆ ಎಳೆದಳು. ಜಾರಿತು. ಇನ್ನೊಂದು, ಅದೂ ಜಾರಿತು. ಮಾವ ಕುರ್ಚಿಯಿಂದ ಬಗ್ಗಿ, ಹುಲ್ಲು ತಿನ್ನುತ್ತಿರುವ ಸೊಸೆಯನ್ನು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿದ್ದರು. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಇಲ್ಲದಿರಲಪ್ಪ, ಅವನು ಹೇಳಿದ್ದೇ ನಿಜವಾಗಲಿ ಎಂದು ಒಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಇರಲಿ, ಇದ್ದರೆ ನಾಯಿ ಬದುಕೀತು ಎಂದು ಇನ್ನೊಂದು. ಎರಡೂ ಬೇಡಿಕೆ ಒಟ್ಟಿಗೆ ಈಡೇರುವಂಥವಲ್ಲ.

ಬಿಸಿಲು ಜಗಲಿಯ ಅಂಚಿಗೆ ಸರಿಯುವ ಹೊತ್ತಿಗೆ ಒಂದು ಸುಂಕು ಕಚ್ಚಿತು. ಎಳೆದರೆ ತುಟಿಯ ಚರ್ಮವನ್ನೂ ಜೊತೆಗೆ ಎಳೆದು, ಬಿಡದೆ ನಿಂತಿತು. ಕಿತ್ತಾಗ ರಕ್ತದ ರುಚಿ ಬಂತು. ಆಮೇಲೆ ಹುಡುಕಬೇಕಾಗಲಿಲ್ಲ. ಅದೇ ಕಂತೆಯಲ್ಲಿ ಮತ್ತೊಂದು, ಅದರ ಕೆಳಗೆ ಒಂದು ಇಡೀ ತೆನೆ. ಇದು ಬೆರಕೆ ಕಿತ್ತ ಹೊಲದ ಹುಲ್ಲಾಗಿರಲು ಸಾಧ್ಯವೇ ಇರಲಿಲ್ಲ.

ಗಂಡ ಬಂದಾಗ ಅವಳು ಅಲ್ಲೇ ಕೂತಿದ್ದಳು. ತೆನೆಯನ್ನು ಅವನತ್ತ ಚಾಚಿದಳು.

"ತುಟಿಗೆ ಎಳೆದು ನೋಡಿ."

ಅವನು ಕೈ ನೀಡಲಿಲ್ಲ. ಟೋಪಿ ತೆಗೆದು ಹಿಡಿದುಕೊಂಡು ನಿಂತ.

"ಇಡೀ ಪ್ಲಾಟು ಕಿತ್ತಿದೀನಿ ಅಂದ್ರಿ."

"ಹೂಂ."

"ಕಿತ್ತಿದ್ರಾ?"

"ಹೋದ ವರ್ಷ ನಾನು ಆ ಪ್ಲಾಟಿಗೆ ಕಾಲೇ ಇಡ್ಲಿಲ್ಲ."

"ದಿನಾ ಬೆಳಗ್ಗೆ ಟೋಪಿ ಹಾಕ್ಕೊಂಡು ಹೋಗ್ತಿದ್ರಲ್ಲ?"

"ಬೀಜದ ಗೋದಾಮಲ್ಲಿ ಕೂತಿರ್ತಿದ್ದೆ. ಚೀಲದ ಮೇಲೆ. ಮನೆಗೆ ಬರೋ ಹೊತ್ತಾದ್ಮೇಲೆ ಎದ್ದು ಬರ್ತಿದ್ದೆ." ಅವನ ದನಿ ಅಪ್ಪನ ದನಿಯ ಹಾಗೆ ತಡವರಿಸಿತು. "ಬೇಡ ಅಂದ ಬೆಳೆಗೆ ಬೆರಕೆ ಕಿತ್ತು ಯಾರಿಗೆ ತೋರಿಸ್ಲಿ? ಸಾಕಾಗಿತ್ತು ಕಣೇ."

ಸಾಕಾಗಿತ್ತು ಅನ್ನುವುದನ್ನು ಅವಳಿಗಿಂತ ಚೆನ್ನಾಗಿ ಯಾರು ಬಲ್ಲರು? ಅವನು ಗೋದಾಮಿನಲ್ಲಿ ಒಬ್ಬನೇ ಕೂತಿದ್ದ ಬೆಳಗುಗಳನ್ನು ನೆನೆದು ಅವಳಿಗೆ ಸಂಕಟವೇ ಆಯಿತು. ಅವತ್ತೇ ಹೇಳಿದ್ದರೆ ಅವಳೂ ಒಂದು ದಿನ ರಜೆ ಹಾಕಿ ಪಕ್ಕದ ಚೀಲದ ಮೇಲೆ ಕೂತಿರುತ್ತಿದ್ದಳು. ಸಂಕಟವಾಯಿತು ಅಂತ ಸಿಟ್ಟು ಇಳಿಯಲಿಲ್ಲ.

"ಪ್ಲಾಟಿಗೆ ಹೋಗ್ದೆ ಇದ್ದದ್ದು ಬಿಡಿ. ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ?"

"ಪ್ರತಿ ವರ್ಷ ಮಾಡ್ತಿದ್ನಲ್ಲ, ಅದೇ ಅಭ್ಯಾಸದಲ್ಲಿ ಬಾಯಿಗೆ ಬಂದ್ಬಿಡ್ತು…" ಅಂದವನು ತಲೆ ಅಲ್ಲಾಡಿಸಿದ. "ಇಲ್ಲ. ಇದೂ ಸುಳ್ಳು. ನೀನು ಕೇಳ್ದಾಗ ನಂಗೆ ಗೊತ್ತಿತ್ತು. ಇದು ದಿನಾ ಕೆಮ್ಮೋವಾಗ್ಲೂ ಗೊತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತಲೇ ಆಯ್ತು."

ಅವಳು ಫೋನು ತೆಗೆದು ಸರ್ಜನ್ನರಿಗೆ ಮಾಡಿದಳು. "ಸಾರ್, ಖಾತ್ರಿ ಸಿಕ್ತು," ಅಂದಳು. ಅಷ್ಟು ಹೇಳುವಷ್ಟರಲ್ಲಿ ಅವಳ ಕೆಳತುಟಿ ಬಾತುಕೊಂಡು ಮಾತು ತೊದಲುತ್ತಿತ್ತು.

ಮರುದಿನ ಬೆಳಗ್ಗೆ ಯಜಮಾನಿಯ ಬಲಪಕ್ಕೆ ಬೋಳಿಸಿ, ಅರಿವಳಿಕೆ ಕೊಟ್ಟು, ಎದೆ ತೆರೆದರು. ಡಾಕ್ಟರಮ್ಮ ಎದುರು ನಿಂತು ಕೈಜೋಡಿಸಿದಳು. ಶ್ವಾಸಕೋಶದ ಕೆಳಗಿನ ಹಾಲೆ ಮಾಗದ ಕಾಯಿಯಂತೆ ಗಟ್ಟಿಯಾಗಿತ್ತು. ನಡುವೆ ಒಮ್ಮೆ ಎದೆಬಡಿತ ತೀರಾ ಇಳಿದು, ಯಾರೂ ಯಾರ ಮುಖವನ್ನೂ ನೋಡದ ಕೆಲವು ಗಳಿಗೆಗಳು ಹೋದವು. ಮತ್ತೆ ಏರಿತು. ಹಾಲೆಯನ್ನೇ ಕತ್ತರಿಸಿ ತಟ್ಟೆಗೆ ಹಾಕಿ, ಸೀಳಿದಾಗ ಕೀವಿನ ನಡುವೆ ಅದು ಇತ್ತು, ಇನ್ನೂ ನೆಟ್ಟಗೆ, ಮುಂದಕ್ಕೇ ಮುಖ ಮಾಡಿಕೊಂಡು. ಸರ್ಜನ್ ಅದನ್ನು ಚಿಮಟದಲ್ಲಿ ಎತ್ತಿ ನೋಡಿ, "ಇನ್ನೊಂದು ವಾರ ಹೋಗಿದ್ರೆ ತೆರೆಯೋದೂ ಬೇಕಿರ್ಲಿಲ್ಲ," ಅಂದರು. ಯಾಕೆ ತಡವಾಯಿತು ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ನನ್ನದೇ ತಪ್ಪು ಅನ್ನಬೇಕೆಂದು ಅವಳು ಮೊದಲೇ ತೀರ್ಮಾನಿಸಿದ್ದಳು.

ಯಜಮಾನಿ ಬದುಕಿದಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಗಂಡನೇ ಅವಳನ್ನು ಎರಡೂ ತೋಳಲ್ಲಿ ಹೊತ್ತು ತಂದು, ಹೊಸ ಕಂಬಳಿಯ ಮೇಲೆ ಮಲಗಿಸಿದ. ಅವಳಿಲ್ಲದ ಅಷ್ಟೂ ದಿನ ತುಟಿ ಬಿಚ್ಚದ ಮಾವ ಕುರ್ಚಿಯಿಂದ ಜಾರಿ ಜಾರಿ ನೆಲಕ್ಕಿಳಿದು, ಅವಳ ಪಕ್ಕದಲ್ಲಿ ಕೂತು, ಎಡಗೈಯಿಂದ ಮಡಚಿದ ಕಿವಿಯನ್ನು ಸವರಿದರು. "ಎಲ್ಲಿಗೆ… ಎಲ್ಲಿಗೆ ಹೋಗಿದ್ದೆ? ಚಮಚ ಇಲ್ದೆ… ಒಬ್ನೇ," ಅಂದರು. ಸೊಸೆ ಒಳಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಸ್ವಲ್ಪ ಹೊತ್ತು ಅತ್ತಳು. ದೊಡ್ಡ ಭಾರ ಇಳಿದಿತ್ತು.

ಗಂಡ ತಪ್ಪೊಪ್ಪಿಕೊಂಡ. ಒಮ್ಮೆಯಲ್ಲ, ಹಲವು ಸಲ. ಅವಳೂ ಹೊಟ್ಟೆಗೆ ಹಾಕಿಕೊಂಡಳು. ಆಯ್ತು ಬಿಡಿ, ನಾಯಿ ಉಳಿಯಿತಲ್ಲ, ನಾನೂ ಹುಲ್ಲು ನೋಡಬೇಕಿತ್ತು ಅಂದಳು. ಬಾಯಿಮಾತಿಗೆ ಅಂದದ್ದಲ್ಲ, ಮನಸ್ಸಿನಿಂದಲೇ ಅಂದದ್ದು. ಅವನೂ ಮೊದಲಿಗಿಂತ ಮಾತಾಡತೊಡಗಿದ. ಗೋದಾಮಿನ ಬಗ್ಗೆ, ಸಮಿತಿಯ ಬಗ್ಗೆ, ಉಳಿದಿರುವ ಸರ್ವೀಸಿನ ಬಗ್ಗೆ. ಹೊರಗಿನಿಂದ ನೋಡಿದವರು ಈ ಗಂಡಹೆಂಡಿರ ನಡುವೆ ಏನೋ ಸರಿಹೋಗಿದೆ ಅನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ಒಂದು ಬೆಳಗ್ಗೆ ಇಬ್ಬರೂ ಕೆಲಸಕ್ಕೆ ಹೊರಟಿದ್ದರು. ಮಾವ ಜಗಲಿಯಲ್ಲಿ ಯಜಮಾನಿಗೆ ಯಾವುದೋ ಹಳೆಯ ಬಸ್ಸಿನ ಕತೆ ಹೇಳುತ್ತಿದ್ದರು. ಗಂಡ ಸ್ಕೂಟರು ಚಾಲೂ ಮಾಡಿದ, ಅವಳು ಹಿಂದೆ ಕೂತಳು.

"ಗ್ಯಾಸ್ ಆಫ್ ಮಾಡಿದ್ರಾ?" ಕೇಳಿದಳು. ಕೊನೆಗೆ ಅಡುಗೆಮನೆಯಿಂದ ಬಂದವನು ಅವನು.

"ಮಾಡಿದೀನಿ. ನೋಡ್ಕೊಂಡೇ ಬಂದೆ."

ಅವಳು ಹೂಂ ಅಂದಳು. ಸ್ಕೂಟರು ಗೇಟಿನವರೆಗೆ ಉರುಳಿತು. ಅಲ್ಲಿಗೆ ಅವಳಿಂದ ತಡೆಯಲಾಗಲಿಲ್ಲ. ಅವನ ಭುಜ ಮುಟ್ಟಿ ನಿಲ್ಲಿಸಿ, ಇಳಿದು, ಮಾವನನ್ನು ದಾಟಿಕೊಂಡು ಒಳಗೆ ಹೋದಳು. ಅಡುಗೆಮನೆ ಚೊಕ್ಕಟವಾಗಿತ್ತು. ಒಲೆಯ ತಿರುಪು ಆಫ್‌ನಲ್ಲಿತ್ತು, ಸಿಲಿಂಡರಿನ ಬಾಯಿಯನ್ನೂ ಅವನು ಮುಚ್ಚಿದ್ದ. ಆದರೂ ಅವಳು ಎರಡನ್ನೂ ಮುಟ್ಟಿ ನೋಡಿದಳು. ಬೆಳಗಿನಿಂದ ಸಂಜೆಯವರೆಗೆ ಇನ್ನೂ ಎಷ್ಟೋ ನಾಯಿಗಳನ್ನು ಮುಟ್ಟಿ ನೋಡಬೇಕಾದ ಕೈ. ಇನ್ನು ಮೇಲೆ ಇದೂ ಒಂದು ಸೇರಿತು ಅನ್ನಿಸಿ ಅವಳಿಗೆ ದಣಿವಾಯಿತು.

ಹೊರಗೆ ಅವನು ಸ್ಕೂಟರಿನ ಇಂಜಿನ್ ನಿಲ್ಲಿಸಿದ. ಹಾರ್ನ್ ಹೊಡೆಯಲಿಲ್ಲ, ಯಾಕೆ ಹೋದೆ ಅಂತ ಕೂಗಿ ಕೇಳಲಿಲ್ಲ. ಅವಳು ಬರುವವರೆಗೆ ತಲೆ ತಗ್ಗಿಸಿ ಕಾಯುತ್ತ ನಿಂತಿದ್ದ.